ನ್ಯೂಯಾರ್ಕ್ ನಗರ ಹಳ್ಳಿ ಕರುಗಳ ಕೊಟ್ಟಿಗೆಗೆ ದುಡ್ಡು ಕೊಟ್ಟಿದ್ಯಾಕೆ?

[ದೃಶ್ಯ: ನಲ್ಲಿ, ತುಂಬುತ್ತಿರುವ ಲೋಟ]

ನ್ಯೂಯಾರ್ಕಿನ ನಲ್ಲಿಗಳಲ್ಲಿ ಬರೋ ನೀರಿನ ಬಹುಪಾಲು ಫಿಲ್ಟರ್ ಆಗೋದೇ ಇಲ್ಲ. ಸುಮಾರು 90 ಲಕ್ಷ ಜನ ಕುಡಿಯೋ ನೀರು! 200 ಕಿಲೋಮೀಟರ್ ದೂರದಿಂದಲೂ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ, ಹೆಚ್ಚುಕಡಿಮೆ ಪಂಪೇ ಇಲ್ಲದೆ ಇಳಿಜಾರಿನಲ್ಲಿ ಹರಿದು ಬರುತ್ತೆ.

ಹಿನ್ನೆಲೆ ಬೇಗ ಮುಗಿಸ್ತೀನಿ. 1989ರಲ್ಲಿ ಅಮೆರಿಕದಲ್ಲಿ ಒಂದು ನಿಯಮ ಬಂತು: ನೀರನ್ನ ಫಿಲ್ಟರ್ ಮಾಡಿ, ಇಲ್ಲಾ ಅದು ಹರಿದು ಬರೋ ಜಲಾನಯನ ಪ್ರದೇಶವನ್ನ ಶುದ್ಧವಾಗಿ ಇಟ್ಟಿದ್ದೀವಿ ಅಂತ ಸಾಬೀತು ಮಾಡಿ. ಫಿಲ್ಟರ್ ಘಟಕಕ್ಕೆ ಅಂದಾಜು 600ರಿಂದ 800 ಕೋಟಿ ಡಾಲರ್. ಜಲಾನಯನ ಕಾಪಾಡೋಕೆ 150 ಕೋಟಿ ಆಸುಪಾಸು. ತೊಡಕು ಒಂದೇ: ಅಲ್ಲಿನ ಭೂಮಿ ಬಹುಪಾಲು ಖಾಸಗಿಯವರದ್ದು. 1990ರಲ್ಲಿ ನಗರ ಕಟ್ಟುನಿಟ್ಟಿನ ಕರಡು ನಿಯಮ ಹೊರಡಿಸ್ತು, ಹೈನುಗಾರರು ಕೆರಳಿದ್ರು. ಕೆರಳದೆ ಇರ್ತಾರಾ? ಜಲಾಶಯಕ್ಕಂತ ಅವರ ಹಿರಿಯರ ಊರುಗಳನ್ನೇ ಮುಳುಗಿಸಿದ ನಗರ ಅದು.

[ದೃಶ್ಯ: ಎಳೆಗರು]

ಈಗ ನನಗಿಷ್ಟವಾದ ಭಾಗ. ನಗರದ ನಿದ್ದೆಗೆಡಿಸಿದ್ದು ಕಾರ್ಖಾನೆ ಅಲ್ಲ, ಕರುವಿನ ಸಗಣಿ. ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರೋಪಜೀವಿ ಹುಟ್ಟಿದ ಮೊದಲ ಕೆಲವು ವಾರಗಳ ಕರುಗಳಲ್ಲೇ ಹೆಚ್ಚು. ಅದರ ಮೊಟ್ಟೆಯಂಥ ಕೋಶ 4ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಮಾಮೂಲಿ ಪ್ರಮಾಣದ ಕ್ಲೋರಿನ್‌ಗೆ ಜಗ್ಗಲ್ಲ. 1993ರಲ್ಲಿ ಅಮೆರಿಕದ್ದೇ ಮಿಲ್ವಾಕೀ ನಗರದಲ್ಲಿ ಇದೇ ಜೀವಿ ಸುಮಾರು 4 ಲಕ್ಷ ಜನರ ಹೊಟ್ಟೆ ಕೆಡಿಸ್ತು, ಅಲ್ಲಿ ಫಿಲ್ಟರ್ ಇದ್ದೂ!

ಹಾಗಾಗಿ ಕೆಲಸ ಮೂಲದಲ್ಲೇ ಶುರು. ಎಳೆಗರುಗಳಿಗೆ ಬೇರೆ, ಒಣ, ಗಾಳಿಯಾಡೋ ಕೊಟ್ಟಿಗೆ. ಹಳ್ಳಕ್ಕೆ ಬೇಲಿ, ದನಕ್ಕೆ ಆಚೆಯೇ ನೀರಿನ ತೊಟ್ಟಿ. ಗೊಬ್ಬರಕ್ಕೆ ಸಂಗ್ರಹ ತೊಟ್ಟಿ, ಯಾಕಂದ್ರೆ ಹೆಪ್ಪುಗಟ್ಟಿದ ನೆಲದ ಮೇಲೆ ಚೆಲ್ಲಿದ ಸಗಣಿ ಹಿಮ ಕರಗಿದಾಗ ನೇರ ಹಳ್ಳಕ್ಕೇ. ಒಂದೊಂದು ಜಮೀನಿಗೂ ಪ್ರತ್ಯೇಕ ಯೋಜನೆ, ಖರ್ಚು ನಗರದ್ದು, ಉಸ್ತುವಾರಿ ರೈತರೇ ಮುಂದೆ ನಿಂತ ಜಲಾನಯನ ಕೃಷಿ ಮಂಡಳಿಯದ್ದು.

ನಗರಕ್ಕೂ ರೈತರಿಗೂ ಆದ ಈ ಒಪ್ಪಂದದ ಜಾಣತನ ಇಲ್ಲಿದೆ. ಸೇರೋದು ಬಿಡೋದು ರೈತನ ಇಷ್ಟ. ಆದ್ರೆ 5 ವರ್ಷದಲ್ಲಿ ಶೇ. 85ರಷ್ಟು ರೈತರು ಸೇರದಿದ್ರೆ ಕಡ್ಡಾಯ ನಿಯಮ ಮತ್ತೆ ಜಾರಿ! ಸ್ವಸಹಾಯ ಸಂಘದ ಸಾಲದ ಲೆಕ್ಕ ಇದು: ಒಬ್ಬರು ಕಂತು ತಪ್ಪಿಸಿದ್ರೆ ಬ್ಯಾಂಕಿನವರಿಗಿಂತ ಮೊದಲು ಪಕ್ಕದ ಮನೆಯವರೇ ಬಾಗಿಲು ತಟ್ಟುತ್ತಾರೆ. ಇನ್‌ಸ್ಪೆಕ್ಟರ್ ಬಂದು ಹೇಳಿದ್ರೆ ಆಗದ್ದು ಪಕ್ಕದ ಜಮೀನಿನವರು ಹೇಳಿದ್ರೆ ಆಯ್ತು. ಗುರಿ ಮುಟ್ಟಿದ್ರು.

ಸಮಯ ಓಡ್ತಿದೆ, ಉಳಿದದ್ದು ಒಂದೇ ಉಸಿರಲ್ಲಿ. 1997ರ ದೊಡ್ಡ ಒಪ್ಪಂದದಲ್ಲಿ ನಗರ ಒಪ್ಪಿಕೊಂಡಿದ್ದು: ಕೆಟ್ಟ ಸೆಪ್ಟಿಕ್ ಟ್ಯಾಂಕ್ ದುರಸ್ತಿಗೆ ಹಣ, ಮಾರೋಕೆ ಮನಸ್ಸಿದ್ದವರಿಂದ ಮಾತ್ರ ಜಮೀನು ಖರೀದಿ, ಬಲವಂತದ ಸ್ವಾಧೀನ ಇಲ್ಲ, ಕೊಂಡ ಜಮೀನಿಗೂ ಸ್ಥಳೀಯ ತೆರಿಗೆ. ಈ ಕೊನೆಯದ್ದು ಇಲ್ಲದಿದ್ರೆ ಹಳ್ಳಿಯ ಆಡಳಿತಕ್ಕೆ ಆದಾಯವೇ ಕುಸೀತಿತ್ತು.

ಎಲ್ಲಾ ಸುಸೂತ್ರ ಅಂತಲ್ಲ. ಮನೆ ಕಟ್ಟೋಕೆ ಆಗೋ ಸಮತಟ್ಟು ಜಾಗ ಬೆಟ್ಟದಲ್ಲಿ ಮೊದಲೇ ಕಮ್ಮಿ, ಅದನ್ನೂ ನಗರ ಕೊಂಡ್ರೆ ಊರು ಬೆಳೆಯೋದು ಎಲ್ಲಿ ಅಂತ ಜಗಳ. ಜೋರು ಮಳೆಗೆ ಕೆಲವು ಹಳ್ಳಗಳ ಜೇಡಿ ಕದಡಿ ಬಂದ್ರೆ ಬೇಲಿಯೂ ತಡೆಯಲ್ಲ, ಕೊಟ್ಟಿಗೆಯೂ ತಡೆಯಲ್ಲ. ಆಗ ನೀರಿಗೆ ಪಟಿಕ ಹಾಕಿ ಮಣ್ಣು ಇಳಿಸಬೇಕು. ಫಿಲ್ಟರ್ ವಿನಾಯಿತಿಯೂ ಶಾಶ್ವತ ಅಲ್ಲ, ಆಗಾಗ ಪರಿಶೀಲನೆ ಆಗಿ ನವೀಕರಣ ಆಗ್ಬೇಕು.