ಜಠರ ಮತ್ತು ಅನ್ನನಾಳದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ಬಗ್ಗೆ ರಕ್ತ ಏನು ಹೇಳಬಲ್ಲದು?

ಕೇಳುಗರಿಗೆ ನಮಸ್ಕಾರ.

1881ರ ಜನವರಿಯಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಥಿಯೋಡೋರ್ ಬಿಲ್‌ರೋತ್ ಅವರು ಜಠರದ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದು, ಉಳಿದ ಜಠರವನ್ನು ಸಣ್ಣ ಕರುಳಿಗೆ ಹೊಲಿದರು. ರೋಗಿ ಚೇತರಿಸಿಕೊಂಡರು, ಆದರೆ ಸುಮಾರು ನಾಲ್ಕು ತಿಂಗಳಲ್ಲಿ ಕ್ಯಾನ್ಸರ್ ಮರಳಿ ತೀರಿಕೊಂಡರು. ಹೊಲಿಗೆ ಕೂಡಿಕೊಳ್ಳುವುದು ಒಂದು ಸಂಗತಿ, ರೋಗ ಮರುಕಳಿಸದಿರುವುದು ಇನ್ನೊಂದು. ರೋಗ ಮರುಕಳಿಸುವುದನ್ನು ಮುಂಚಿತವಾಗಿ ಅಂದಾಜು ಮಾಡಲು ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದೆಯೇ ಎಂಬುದೇ ಇಂದಿಗೂ ಮುಖ್ಯ ಆಧಾರ. ಅದರ ಜೊತೆಗೆ, ಈ ಎರಡರ ಅಂದಾಜಿಗೂ ರಕ್ತಪರೀಕ್ಷೆಯ ಕೆಲವು ಅಂಕಿಗಳು ನೆರವಿಗೆ ಬರುತ್ತವೆ ಎಂಬುದನ್ನು ವೈದ್ಯರು ಈಚಿನ ದಶಕಗಳಲ್ಲಿ ಗಮನಿಸಿದ್ದಾರೆ.

ಇವುಗಳಲ್ಲಿ ಅತಿ ಅಗ್ಗದ್ದು ಪ್ರತಿ ರೋಗಿಯ ಫೈಲಿನಲ್ಲೂ ಇರುವ ಸಿ.ಬಿ.ಸಿ., ಅಂದರೆ ರಕ್ತಕಣಗಳ ಎಣಿಕೆಯ ವರದಿ. ಅದರಲ್ಲಿ ಬಿಳಿ ರಕ್ತಕಣಗಳ ಎರಡು ಬಗೆಗಳಾದ ನ್ಯೂಟ್ರೋಫಿಲ್ ಶೇಕಡಾ 72, ಲಿಂಫೋಸೈಟ್ ಶೇಕಡಾ 18 ಎಂದಿದ್ದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 4 ಬರುತ್ತದೆ. ಈ ಅನುಪಾತ ಏರಿದಷ್ಟೂ ದೇಹದಲ್ಲಿ ಉರಿಯೂತ ಹೆಚ್ಚಿದೆ, ಗಡ್ಡೆಯನ್ನು ಎದುರಿಸುವ ಕಣಗಳ ಬಲ ಕುಗ್ಗಿದೆ ಎಂದು ಅರ್ಥೈಸಲಾಗುತ್ತದೆ. ಆದರೆ ಯಾವ ಅಂಕಿಯ ಮೇಲೆ ಅಪಾಯ ಎಂಬುದಕ್ಕೆ ಒಪ್ಪಿತ ಗಡಿಯಿಲ್ಲ. ಅಲ್ಲದೆ, ಕೀಮೋಥೆರಪಿಯ ಜೊತೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಒಂದೇ ಸಾಕು, ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸಲು. ಔಷಧದ ಚೀಟಿಯನ್ನು ನೋಡದೆ ಈ ಅನುಪಾತವನ್ನು ಓದುವುದು ತಪ್ಪು ದಾರಿ.

ಜಪಾನಿನ ಒನೊಡೆರಾ ಅವರು 1984ರಲ್ಲಿ ಸೂಚಿಸಿದ ಪೌಷ್ಟಿಕತಾ ಸೂಚ್ಯಂಕದಲ್ಲಿ, ಯಕೃತ್ತು ತಯಾರಿಸುವ ರಕ್ತದ ಪ್ರೋಟೀನಾದ ಆಲ್ಬುಮಿನ್ ಪ್ರಮಾಣವನ್ನು 10ರಿಂದಲೂ ಲಿಂಫೋಸೈಟ್ ಸಂಖ್ಯೆಯನ್ನು 0.005ರಿಂದಲೂ ಗುಣಿಸಿ ಕೂಡಿಸುತ್ತಾರೆ. ಆಲ್ಬುಮಿನ್ ಡೆಸಿಲೀಟರಿಗೆ 3.2 ಗ್ರಾಂ (ಲೀಟರಿಗೆ 32 ಗ್ರಾಂ), ಲಿಂಫೋಸೈಟ್ ಮೈಕ್ರೋಲೀಟರಿಗೆ 1400 ಇದ್ದರೆ ಮೊತ್ತ 39. 40ಕ್ಕಿಂತ ಕೆಳಗಿದ್ದವರಲ್ಲಿ ಕರುಳನ್ನು ಕತ್ತರಿಸಿ ಜೋಡಿಸುವುದು ಅಪಾಯಕರವೆಂಬುದು ಅವರ ಎಣಿಕೆ. ಗ್ಲಾಸ್ಗೋ ನಗರದ ವೈದ್ಯರು ರೂಪಿಸಿದ ಅಂಕಪದ್ಧತಿಯ ಈಗಿನ ರೂಪದಲ್ಲಿ, ಉರಿಯೂತವನ್ನು ಸೂಚಿಸುವ ಪ್ರೋಟೀನಾದ ಸಿ.ಆರ್.ಪಿ. ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ 1 ಅಂಕ, ಅದರ ಜೊತೆಗೆ ಆಲ್ಬುಮಿನ್ ಲೀಟರಿಗೆ 35 ಗ್ರಾಂಗಿಂತ ಕಡಿಮೆಯಿದ್ದರೆ 2 ಅಂಕ; ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಆಲ್ಬುಮಿನ್ ಕುಸಿದ ಕೂಡಲೇ, ಊಟ ಸೇರದ್ದರಿಂದ ಹೀಗಾಯಿತು ಎಂದು ಮನೆಯವರು ತಿಳಿಯುವುದು ಸಹಜ. ಅನ್ನನಾಳದ ಗಡ್ಡೆಯಿಂದ ಅನ್ನ ಇಳಿಯದಿರುವುದು ನಿಜವೇ. ಆದರೆ ಉರಿಯೂತ ಹೆಚ್ಚಿದಾಗ ಯಕೃತ್ತು ಸಿ.ಆರ್.ಪಿ.ಯಂಥ ಪ್ರೋಟೀನುಗಳ ತಯಾರಿಕೆಯನ್ನು ಹೆಚ್ಚಿಸಿ ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ಮೊಟ್ಟೆ, ಪ್ರೋಟೀನ್ ಪುಡಿಗಳಿಂದಷ್ಟೇ ಆ ಅಂಕಿ ವಾರದೊಳಗೆ ಏರುವುದಿಲ್ಲ; ರಕ್ತದಲ್ಲಿ ಆಲ್ಬುಮಿನ್ನಿನ ಅರ್ಧಾಯುಷ್ಯವೇ, ಅಂದರೆ ಇದ್ದದ್ದರಲ್ಲಿ ಅರ್ಧ ಕಳೆಯುವ ಅವಧಿಯೇ, ಸುಮಾರು 20 ದಿನ. ಆದರೂ ಶಸ್ತ್ರಚಿಕಿತ್ಸೆಗೆ ಮುನ್ನ ಪೋಷಣೆ ಬಿಡುವಂತಿಲ್ಲ. ಬಾಯಿಂದ ಸಾಲದಿದ್ದರೆ ನಳಿಕೆಯ ಮೂಲಕವಾದರೂ ಆಹಾರ ಕೊಡುವುದು ಅಂಕಿಗಾಗಿ ಅಲ್ಲ, ರೋಗಿಯ ಶಕ್ತಿಗಾಗಿ.

ನನ್ನ ದೃಷ್ಟಿಯಲ್ಲಿ ಅತ್ಯಂತ ನಂಬಿಕಸ್ಥ ಬಳಕೆ ಶಸ್ತ್ರಚಿಕಿತ್ಸೆಯ ನಂತರದ ದಿನಗಳದು. ಸಿ.ಆರ್.ಪಿ. ಎಲ್ಲರಲ್ಲೂ ಏರುತ್ತದೆ, ಎರಡನೇ ಅಥವಾ ಮೂರನೇ ದಿನ ತುದಿ ಮುಟ್ಟಿ ಇಳಿಯತೊಡಗುತ್ತದೆ. ನಾಲ್ಕನೇ, ಐದನೇ ದಿನವೂ ಲೀಟರಿಗೆ ಸುಮಾರು 150 ಮಿಲಿಗ್ರಾಂ ಮೇಲೆಯೇ ನಿಂತಿದ್ದರೆ ಅಥವಾ ಇಳಿದದ್ದು ಮತ್ತೆ ಏರಿದರೆ, ಜೋಡಣೆ ಸೋರುತ್ತಿದೆಯೇ, ಶ್ವಾಸಕೋಶಕ್ಕೆ ಸೋಂಕು ತಗುಲಿದೆಯೇ ಎಂದು ಸಿ.ಟಿ. ಸ್ಕ್ಯಾನ್ ಮುಂತಾದವುಗಳಿಂದ ಹುಡುಕಬೇಕಾಗುತ್ತದೆ. ಏರಿದ ಅಂಕಿ ಸೋರಿಕೆಯನ್ನು ಸಾಬೀತುಪಡಿಸುವುದಿಲ್ಲ. ತಕ್ಕಷ್ಟು ಇಳಿದ ಅಂಕಿ ಮಾತ್ರ ಬಹುಮಟ್ಟಿಗೆ ಧೈರ್ಯ ಕೊಡುತ್ತದೆ.

ಮುಂದಿನ ತಿಂಗಳುಗಳಲ್ಲಿ, ಗಡ್ಡೆಯ ಸುಳಿವು ಕೊಡಬಲ್ಲ ರಕ್ತದ ವಸ್ತುಗಳನ್ನು ಅಳೆಯುವ ಸಿ.ಇ.ಎ. ಮತ್ತು ಸಿ.ಎ. 19-9 ಪರೀಕ್ಷೆಗಳಿವೆ. ಮೊದಲನೆಯದು ಧೂಮಪಾನದಿಂದಲೂ ಏರುತ್ತದೆ. ಎರಡನೆಯದನ್ನು ಹುಟ್ಟಿನಿಂದಲೇ ತಯಾರಿಸಲಾಗದ ಜನರಿದ್ದಾರೆ. ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿ.ಎನ್.ಎ. ತುಣುಕುಗಳು ಶಸ್ತ್ರಚಿಕಿತ್ಸೆಯ ನಂತರವೂ ಕಂಡರೆ ರೋಗ ಮರುಕಳಿಸುವ ಸಂಭವ ಹೆಚ್ಚು, ಮತ್ತು ಕೆಲವೊಮ್ಮೆ ಆ ಸುಳಿವು ಸ್ಕ್ಯಾನಿಗಿಂತ ತಿಂಗಳುಗಳ ಮೊದಲೇ ಸಿಗುತ್ತದೆ. ಆದರೆ ಅವು ಕಾಣದಿದ್ದ ಮಾತ್ರಕ್ಕೆ ತಪಾಸಣೆಗೆ ಬರುವುದನ್ನು ಯಾರೂ ನಿಲ್ಲಿಸಬಾರದು.