ಆಟಿಯ ತೇವ, ಒಂದು ಕೋಣೆ

ಕೇಳುಗರೆ, ನಮಸ್ಕಾರ.

ಜಡಿಮಳೆಯ ಆಟಿ ತಿಂಗಳಲ್ಲಿ ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಯಾವ ಮನೆಗೆ ಹೋದರೂ ಬಾಗಿಲಲ್ಲೇ ಬೂಸ್ಟಿನ ವಾಸನೆ. ರೇಷ್ಮೆ ಸೀರೆ, ಚರ್ಮದ ಚಪ್ಪಲಿ, ಯಕ್ಷಗಾನ ಪ್ರಸಂಗ ಪುಸ್ತಕಗಳ ರಟ್ಟು, ಎಲ್ಲದರ ಮೇಲೂ ಬಿಳಿಯ ಪುಡಿ. ತಾಳಮದ್ದಳೆಯ ಕಾಲವೂ ಇದೇ. ಚರ್ಮ ಸಡಿಲವಾಯಿತೆಂದು ಗೊಣಗದ ಮದ್ದಳೆಗಾರರನ್ನು ಈ ದಿನಗಳಲ್ಲಿ ನಾನು ಕಂಡಿಲ್ಲ. ಹಿಂದಿನವರು ಕೆಡುವ ವಸ್ತುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು. ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು, ಬೂಸ್ಟು ಉಳಿಯಿತು.

ಎರಡು ವರ್ಷಗಳ ಹಿಂದೆ ನಾನೊಂದು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ತಂದು ಚಾವಡಿಯಲ್ಲಿಟ್ಟೆ. ಸಂಜೆಯೊಳಗೆ ಅದರ ತೊಟ್ಟಿ ತುಂಬಿತು; ಹಿಗ್ಗಿದೆ. ಆದರೆ ತೇವಮಾಪಕದ ಅಂಕೆ ಶೇಕಡಾ 90ರಿಂದ ಅಲುಗಲಿಲ್ಲ. ತಲೆಯೆತ್ತಿ ನೋಡಿದರೆ ಹಂಚಿನ ಸಂದುಗಳು. ನಾನು ಚಾವಡಿಯನ್ನಲ್ಲ, ಇಡೀ ಆಟಿಯನ್ನೇ ಒಣಗಿಸಲು ಹೊರಟಿದ್ದೆ!

ಯಂತ್ರದ ಕೆಲಸ ಸರಳ. ಫ್ಯಾನು ಎಳೆದುಕೊಂಡ ಗಾಳಿ ತಣ್ಣಗಿನ ಕೊಳವೆಗಳಿಗೆ ತಾಗಿ, ಐಸ್ ನೀರಿನ ಲೋಟದ ಹೊರಮೈಯಂತೆ ಬೆವರುತ್ತದೆ. ನೀರು ತೊಟ್ಟಿಗಿಳಿಯುತ್ತದೆ, ಒಣಗಾಳಿ ತುಸು ಬಿಸಿಯಾಗಿ ಹೊರಬರುತ್ತದೆ. ಆದ್ದರಿಂದ ತಂಪಿನ ಆಸೆಗೆ ಇದನ್ನು ಕೊಳ್ಳಬೇಡಿ. ಮುಚ್ಚಿದ ಕೋಣೆಯಲ್ಲಿ ಮಾತ್ರ ಇದರ ಆಟ ನಡೆಯುತ್ತದೆ. ಹಂಚಿನದ್ದಲ್ಲ, ತಾರಸಿ ಮಾಡಿನ ಒಂದು ಕೋಣೆಯನ್ನು ಆರಿಸಿ, ಕಿಟಕಿ ಬಾಗಿಲು ಹಾಕಿ, ಸೀರೆ, ಪುಸ್ತಕ, ಮದ್ದಳೆಗಳನ್ನು ಅಲ್ಲಿಗೇ ಸಾಗಿಸಿ. ಮುರಕಲ್ಲಿನ ಗೋಡೆ ಹೊರಗಿನಿಂದ ನೀರು ಕುಡಿಯುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಅಂಗಡಿಯಲ್ಲಿ ಅಂಗೈಯಗಲದ ಅಗ್ಗದ ಯಂತ್ರಗಳೂ ಸಿಗುತ್ತವೆ. ಅವುಗಳಲ್ಲಿ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇರುವುದಿಲ್ಲ. ದಿನಕ್ಕೆ ಕೆಲವು ನೂರು ಮಿಲಿಲೀಟರ್ ಹೀರಿದರೆ ಹೆಚ್ಚು. ಕಪಾಟಿಗೆ ಸಾಕು, ಕೋಣೆಗೆ ಸಾಲದು. ದೊಡ್ಡದರ ಮೇಲೆ ದಿನಕ್ಕೆ 12 ಲೀಟರ್ ಎಂದು ಬರೆದಿದ್ದರೆ, ಅದನ್ನು ಎಷ್ಟು ಉಷ್ಣತೆ, ಎಷ್ಟು ತೇವದಲ್ಲಿ ಅಳೆದರೆಂದು ಕೇಳಿ. ಹೆಚ್ಚಾಗಿ 30 ಡಿಗ್ರಿ, ಶೇಕಡಾ 80 ತೇವದ ಲೆಕ್ಕವದು. ಕೋಣೆ ಒಣಗುತ್ತಾ ಬಂದಂತೆ ಸಿಗುವ ನೀರೂ ಕಡಿಮೆಯಾಗುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿ ಬೇಡ. ಕರೆಂಟು ಬಂದಾಗ ತಾನೇ ಮತ್ತೆ ಶುರುವಾಗುವಂಥದ್ದನ್ನೇ ಆರಿಸಿ. ಮಳೆಗಾಲದ ನಮ್ಮ ಕರೆಂಟಿನ ಗುಣ ನಿಮಗೆ ಗೊತ್ತಿದೆ.

ಮನೆಗೆ ತಂದ ಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಬಳಿಕ ಚಾಲು ಮಾಡಿ. ಗೋಡೆಗೆ ಅಂಟಿಸಬೇಡಿ. ತೇವವನ್ನು 55ರ ಆಸುಪಾಸಿಗೆ ಹೊಂದಿಸಿದರೆ ಸಾಕು. 60ರ ಕೆಳಗೆ ಬೂಸ್ಟಿಗೆ ಬೆಳೆಯುವುದು ಕಷ್ಟ. 300 ವಾಟ್‌ನ ಯಂತ್ರ 8 ಗಂಟೆ ಎಡೆಬಿಡದೆ ಓಡಿದರೆ 2.4 ಯೂನಿಟ್. ಎರಡು ವಾರಕ್ಕೊಮ್ಮೆ ಜಾಲರಿಯ ಧೂಳು ತೆಗೆಯಿರಿ.

ತೊಟ್ಟಿಯ ನೀರನ್ನು ಏನು ಮಾಡುವುದು? ಕುಡಿಯುವಂತಿಲ್ಲ. ನೆರೆಮನೆಯ ಮಾವ ಇನ್‌ವರ್ಟರ್ ಬ್ಯಾಟರಿಗೆ ಕೇಳಿದರು. ಧೂಳು ತೊಳೆದುಬಂದ ನೀರು, ಕೊಡಲಿಲ್ಲ. ನೆಲ ಒರೆಸಿದರೆ ತೆಗೆದ ತೇವ ಮತ್ತೆ ಕೋಣೆಗೇ. ಗಿಡಕ್ಕೆ ಹಾಕೋಣವೆಂದರೆ, ಆಟಿಯಲ್ಲಿ ಗಿಡಕ್ಕೆ ನೀರು ಹೊತ್ತವನೆಂದು ಊರೆಲ್ಲ ನಕ್ಕೀತು. ಬಚ್ಚಲಿಗೆ ಸುರಿಯುತ್ತೇನೆ.

ನಮಸ್ಕಾರ.