ಪೊಟ್ಟಣದ ಹಿಂದೆ ಬರೆದ 62

ನಾನು ಕಾಡುಹೂವಿನ ಬೀಜ ಮಾರುತ್ತೇನೆ. ಈ ಪೊಟ್ಟಣ ನೋಡಿ. ಕ್ಯಾಮೆರಾಗೆ ಸ್ವಲ್ಪ ಹತ್ತಿರ ಹಿಡಿಯುತ್ತೇನೆ. ಮುಂದೆ ಹೂವಿನ ಹೆಸರು: ಲುಪಿನ್. ಹಿಂದೆ ನಾಲ್ಕು ಸಾಲು. ಬೀಜ ಕೊಯ್ದ ತಿಂಗಳು. ಕೊಯ್ದ ಜಾಗ ಎಂಥದ್ದು. ಬಿತ್ತುವ ಮೊದಲು ಏನು ಮಾಡಬೇಕು. ಕೊನೆಯಲ್ಲಿ ಒಂದು ಅಂಕಿ, 62. ಅಂದರೆ ನೂರು ಬೀಜದಲ್ಲಿ 62 ಮೊಳೆತವು. ನಾನೇ ಎಣಿಸಿದ್ದು.

ಇದನ್ನು ನೋಡಿ ಸ್ನೇಹಿತನೊಬ್ಬ ಏನಂದ ಗೊತ್ತಾ? "ಈ 62 ತೆಗಿ ಮಾರಾಯ. ಅಲ್ಲಿ ನಿನ್ನ ಕಥೆ ಹಾಕು. ಬಿದ್ದು ಎದ್ದವರ ಕಥೆ ಅಂದರೆ ಜನ ಕಣ್ಣು ಮುಚ್ಚಿ ತಗೋತಾರೆ."

ತಗೋತಾರೆ, ನಿಜ. ಆ ಕಣ್ಣು ಮುಚ್ಚೋದೇ ನನ್ನ ತಕರಾರು.

ಕಥೆ ಏನು ಅಂತ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ನನ್ನದೊಂದು ಮರಗೆಲಸದ ವರ್ಕ್‌ಶಾಪ್ ಇತ್ತು. ಮುಳುಗಿತು. ಯಾರೋ ಮೋಸ ಮಾಡಿದರು, ಮಾರುಕಟ್ಟೆ ಬಿತ್ತು, ಅಂಥದ್ದೇನೂ ಇಲ್ಲ. ಮುಳುಗಿಸಿದವನು ನಾನೇ. ಕೇಳಿದವರಿಗೆಲ್ಲ ಹೂಂ ಅಂದೆ. ಮೇಜು ಮುಂದಿನ ತಿಂಗಳು ಕೊಡುತ್ತೇನೆ ಅಂತ ಅಡ್ವಾನ್ಸ್ ತಗೊಂಡೆ. ಆ ಅಡ್ವಾನ್ಸ್‌ನಲ್ಲಿ ಇನ್ನೊಬ್ಬರ ಕಪಾಟಿಗೆ ಮರ ತಂದೆ. ಹೀಗೆ ಒಂದರ ಬಾಲ ಇನ್ನೊಂದಕ್ಕೆ ಗಂಟು ಹಾಕುತ್ತಾ ಹೋದರೆ ಎಷ್ಟು ದಿನ ನಡೆಯುತ್ತೆ? ಒಂದು ದಿನ ಬಾಗಿಲು ಎಳೆದೆ. ಆಮೇಲೆ ಎಷ್ಟೋ ತಿಂಗಳು ಫೋನ್ ಹೊಡೆದುಕೊಂಡರೆ ಎದೆ ಧಸಕ್ ಅನ್ನುತ್ತಿತ್ತು.

ಬೀಜಕ್ಕೆ ಬಂದದ್ದು ಹೇಗೆ? ಸುಮ್ನೆ ಬಂದೆ. ಫೋನ್ ಮನೆಯಲ್ಲಿ ಬಿಟ್ಟು ನಡೆಯಲು ಹೋಗುತ್ತಿದ್ದೆ. ವಾಪಸ್ ಬಂದಾಗ ಪ್ಯಾಂಟಿನ ಅಂಚಿಗೆಲ್ಲ ಬೀಜ ಅಂಟಿರುತ್ತಿತ್ತು. ಕೂತು ಒಂದೊಂದಾಗಿ ಕೀಳುತ್ತಿದ್ದೆ. ಆ ಹೊತ್ತಿನಲ್ಲಿ ಬೇರೆ ಯೋಚನೆ ಬರುತ್ತಿರಲಿಲ್ಲ. ಅಷ್ಟೇ. ಇದರಲ್ಲಿ ಜ್ಞಾನೋದಯ ಹುಡುಕಬೇಡಿ.

ಆದರೆ ಜನ ಹುಡುಕುತ್ತಾರೆ. "ನೀನೂ ಬೀಜದ ಹಾಗೇ, ಮಣ್ಣಲ್ಲಿ ಹೂತುಹೋದರೂ ಮೊಳೆತೆ" ಅನ್ನುತ್ತಾರೆ. ಒಳ್ಳೆ ಮನಸ್ಸಿಂದಲೇ ಹೇಳೋದು. ಆದರೆ ಮಣ್ಣಲ್ಲಿ ಹೂತ ಬೀಜಕ್ಕೆ ಏನಾಗುತ್ತೆ ಅಂತ ಒಬ್ಬರು ನಿಜವಾಗಿ ನೋಡಿದ್ದಾರೆ. ವಿಲಿಯಂ ಬೀಲ್, ಅಮೆರಿಕದ ಮಿಶಿಗನ್‌ನ ಸಸ್ಯವಿಜ್ಞಾನಿ. 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಬೀಜ ತುಂಬಿ ಹೂತಿಟ್ಟರು. ಒಂದೊಂದು ಬಾಟಲಿಯಲ್ಲೂ 21 ಜಾತಿ, ಜಾತಿಗೆ 50 ಬೀಜ. ಅವರು ಹೋದ ಮೇಲೂ ಬೇರೆಯವರು ಆ ಪ್ರಯೋಗ ಮುಂದುವರಿಸಿದ್ದಾರೆ. 2021ರಲ್ಲಿ, ಅಂದರೆ 142 ವರ್ಷ ಆದ ಮೇಲೆ ಒಂದು ಬಾಟಲಿ ತೆಗೆದರು. ಮೊಳೆತದ್ದು ಹೆಚ್ಚುಕಡಿಮೆ ಒಂದೇ ಜಾತಿ, ವರ್ಬಾಸ್ಕಮ್ ಅನ್ನುವ ಹೂಗಿಡ. ಮಿಕ್ಕವು ಸತ್ತಿದ್ದವು. ಅವುಗಳಿಗೆ ಧೈರ್ಯ ಕಮ್ಮಿ ಇತ್ತಾ? ಛಲ ಇರಲಿಲ್ವಾ? ಅವುಗಳ ಜಾತಿಯೇ ಹಾಗೆ. ಬೀಜಕ್ಕೆ ನಮ್ಮ ಕಥೆ ಹೊರಿಸೋದು ಬೇಡ, ಪಾಪ.

ಇರಲಿ, ಕೆಲಸದ ಮಾತಿಗೆ ಬರುತ್ತೇನೆ. ಈ ಕೆಲಸ ನನಗೆ ಹಿಡಿಸಿದ್ದು ಇದರಲ್ಲಿ ಹೂಂ ಅನ್ನುವ ಚಾಳಿ ನಡೆಯಲ್ಲ ಅನ್ನುವ ಕಾರಣಕ್ಕೆ. ಮೊದಲ ಸಲ ಕೊಯ್ದಾಗ ಬೆಳಗ್ಗೆ ಇಬ್ಬನಿ ಆರುವ ಮೊದಲೇ ಹೋದೆ, ಉತ್ಸಾಹ ನೋಡಿ. ತಂದ ಬೀಜದ ತೆನೆಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟೆ. ವಾರ ಬಿಟ್ಟು ಬಿಚ್ಚಿದರೆ ಬೂಸ್ಟು, ಮುಗ್ಗಲು ವಾಸನೆ. ಎಲ್ಲಾ ತಿಪ್ಪೆಗೆ. ಆಮೇಲೆ ಕಲಿತೆ: ಬಿಸಿಲೇರಿದ ಮೇಲೆ ಕೊಯ್ಯಬೇಕು, ಕಾಗದದ ಚೀಲದಲ್ಲಿ ಹಾಕಬೇಕು, ನೆರಳಲ್ಲಿ ಹರಡಿ ಒಣಗಿಸಬೇಕು. ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿಯ ಒಂದು ಅಂದಾಜು ಸೂತ್ರ ಇದೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಅದರ ಆಯಸ್ಸು ಎರಡರಷ್ಟು. ಇಟ್ಟ ಜಾಗದ ಬಿಸಿ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಎರಡರಷ್ಟು. ಇದಕ್ಕೂ ಮಿತಿ ಇದೆ, ಒಣಗಿಸುತ್ತಲೇ ಹೋಗಬಾರದು. ಆದರೂ ಸಣ್ಣ ವ್ಯಾಪಾರಕ್ಕೆ ಇದೊಂದು ಸಾಲು ಸಾಕು. ಫ್ರಿಜ್‌ನ ಕೆಳಗಿನ ಒಂದು ಡ್ರಾಯರ್, ಬಿಗಿ ಮುಚ್ಚಳದ ನಾಲ್ಕು ಜಾಡಿ. ಅದೇ ನನ್ನ ಗೋದಾಮು.

ಒಣಗಿದ್ದನ್ನು ಉಜ್ಜಿ, ಜರಡಿ ಹಿಡಿದು, ಫ್ಯಾನ್ ಮುಂದೆ ತೂರಬೇಕು. ಹೊಟ್ಟು ಹಾರುತ್ತೆ, ಗಟ್ಟಿ ಕಾಳು ಬೀಳುತ್ತೆ. ಫ್ಯಾನ್ ಒಂದು ಪಾಯಿಂಟ್ ಜಾಸ್ತಿ ಇಟ್ಟರೆ ಕಾಳೂ ಹಾರುತ್ತೆ. ಪಾಪಿ ಹೂವಿನ ಬೀಜ ಒಂದು ಗ್ರಾಂಗೆ ಸಾವಿರಗಟ್ಟಲೆ ಬರುತ್ತೆ, ಸೀನಿದರೆ ಮುಗೀತು. ಒಂದು ಸಲ ಸೀನಿದ್ದೇನೆ.

ಆಮೇಲೆ ಮೊಳಕೆ ಪರೀಕ್ಷೆ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಡು, ಕಾಯಿ, ಎಣಿಸು. ಲುಪಿನ್‌ಗೆ ಮೊದಲ ಸಲ ಬಂದದ್ದು 9. ಬೀಜ ಸತ್ತಿದೆ ಅಂದುಕೊಂಡೆ. ಸತ್ತಿರಲಿಲ್ಲ. ಅದರ ಸಿಪ್ಪೆ ಕಲ್ಲಿನಂಥದ್ದು, ನೀರು ಒಳಗೆ ಇಳಿಯುವುದೇ ಇಲ್ಲ. ಸ್ವಲ್ಪ ಉಜ್ಜಿ ಗೀರಬೇಕು. ಮನೆಯಲ್ಲಿ ಏನಿತ್ತು? ವರ್ಕ್‌ಶಾಪ್‌ನಿಂದ ಉಳಿದ ಸ್ಯಾಂಡ್‌ಪೇಪರ್ ಒಂದು ಕಟ್ಟು. ಎರಡು ಹಾಳೆ ನಡುವೆ ಹಾಕಿ ಹಗುರಾಗಿ ಉಜ್ಜಿದೆ, ರಾತ್ರಿ ನೆನೆಸಿದೆ. ಆಗ ಬಂದದ್ದು ಈ 62. ಕೆಲವು ಹೂವಿಗೆ ಹೀಗಲ್ಲ. ಮಿಲ್ಕ್‌ವೀಡ್ ಅಂತ ಅಮೆರಿಕದ ಕಡೆಯ, ನಮ್ಮ ಎಕ್ಕದ ಬಳಗದ ಹೂಗಿಡ ಇದೆ; ಅದರ ಜಾತಿಗಳಲ್ಲಿ ಹೆಚ್ಚಿನವಕ್ಕೆ ಒದ್ದೆ ಮರಳಲ್ಲಿ ಹಾಕಿ ವಾರಗಟ್ಟಲೆ ಚಳಿ ತೋರಿಸಬೇಕು. ಪಾಪಿಗೆ ಬೆಳಕು ಬೇಕು, ಮೇಲೆ ದಪ್ಪ ಮಣ್ಣು ಮುಚ್ಚಿದರೆ ಮೊಳೆಯೋದು ಕಷ್ಟ.

ನಿಜ ಹೇಳಲಾ? 62 ನೋಡಿದಾಗ ಕೈ 80 ಬರೆಯಲು ಹೋಯಿತು. ಯಾರಿಗೆ ಗೊತ್ತಾಗುತ್ತೆ? ಮೊಳೆಯದಿದ್ದರೆ ಜನ ತಮ್ಮ ಮಣ್ಣನ್ನೇ ಬೈದುಕೊಳ್ಳುತ್ತಾರೆ, ತಮ್ಮ ಕೈಗುಣ ಸರಿಯಿಲ್ಲ ಅನ್ನುತ್ತಾರೆ. ಈ ವ್ಯಾಪಾರದಲ್ಲಿ ಮಾರುವವನ ತಪ್ಪು ಕೊಂಡವರ ತಲೆ ಮೇಲೆ ಬೀಳುತ್ತೆ. ಮೇಜು ಕೊಡದಿದ್ದರೆ ಬಂದು ಬಾಗಿಲು ಬಡಿಯುತ್ತಾರೆ, ಬೀಜ ಮೊಳೆಯದಿದ್ದರೆ ಯಾರೂ ಬರಲ್ಲ. ಹಳೇ ಚಾಳಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ ಅಂತ ಅವತ್ತು ಹೊಳೆಯಿತು, ಸ್ವಲ್ಪ ಹೆದರಿಕೆಯೂ ಆಯಿತು. 62 ಅಂತಲೇ ಬರೆದೆ, ಪೊಟ್ಟಣಕ್ಕೆ ಹತ್ತು ಕಾಳು ಜಾಸ್ತಿ ಹಾಕಿದೆ.

ಇನ್ನು "ಕಾಡುಹೂವಿನ ಮಿಶ್ರಣ", ಅಂದರೆ ಹಲವು ಜಾತಿಯ ಬೀಜ ಕಲಸಿದ ಪೊಟ್ಟಣ. ಜನ ಜಾಸ್ತಿ ಕೇಳೋದು ಇದನ್ನೇ, ಲಾಭವೂ ಇದರಲ್ಲೇ. ನಾನು ಮಾರಲ್ಲ. 2002ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇಂಥ 19 ಪೊಟ್ಟಣ ತಂದು ಬೆಳೆಸಿ ನೋಡಿದರು. ಒಂದೊಂದರಲ್ಲೂ ಕನಿಷ್ಠ ಮೂರು ಜಾತಿ ಎಲ್ಲೆಂದರಲ್ಲಿ ಹಬ್ಬಿ ಬೇರೆ ಗಿಡಗಳನ್ನು ತುಳಿಯುವಂಥವು. ಎಷ್ಟೋ ಪೊಟ್ಟಣದ ಮೇಲೆ ಒಳಗೇನಿದೆ ಅಂತಲೇ ಬರೆದಿರಲಿಲ್ಲ. ಒಂದು ಕಡೆಯ ಕಾಡುಹೂವು ಇನ್ನೊಂದು ಕಡೆ ಕಳೆ, ಅಲ್ವಾ? ಲಂಟಾನವನ್ನೂ ಯಾರೋ ಹೂವು ಚೆನ್ನಾಗಿದೆ ಅಂತಲೇ ತೋಟಕ್ಕೆ ತಂದದ್ದು. ನನ್ನ ಕೈಯಲ್ಲಿರುವ ಲುಪಿನ್ನೂ ಸಾಧು ಅಲ್ಲ. ಅಲಾಸ್ಕಾದ ಒಂದು ಲುಪಿನ್ ಜಾತಿಯನ್ನು 1945ರಲ್ಲಿ ಮಣ್ಣು ಉಳಿಸಲೆಂದು ಐಸ್‌ಲ್ಯಾಂಡ್‌ಗೆ ಒಯ್ದರು. ಈಗ ಅಲ್ಲಿ ಬೆಟ್ಟಗಳೇ ನೀಲಿ. ಚಿತ್ರ ತೆಗೆಯುವವರಿಗೆ ಖುಷಿ, ಅದರಡಿ ಸಿಕ್ಕಿಹಾಕಿಕೊಂಡ ಸಣ್ಣ ಗಿಡಗಳ ಪಾಡು ಕೇಳುವವರಿಲ್ಲ. ಹಾಗಾಗಿ ಕೊಯ್ದ ಜಾಗ ಎಂಥದ್ದು ಅಂತ ಪೊಟ್ಟಣದಲ್ಲಿ ಬರೆಯುತ್ತೇನೆ. ಇದು ಸಹಜವಾಗಿ ಬೆಳೆಯದ ಊರಿನವರು ಕೇಳಿದರೆ ಕೊಡಲ್ಲ.

ಶುರು ಮಾಡಬೇಕು ಅನ್ನುವವರಿಗೆ ಇನ್ನೊಂದು ಮಾತು. ಜಾಗದವರನ್ನು ಕೇಳದೆ ಕೊಯ್ಯಬೇಡಿ, ಬೀಜ ಮಾರಲು ನಿಮ್ಮ ಕಡೆ ಯಾವ ಪರವಾನಗಿ ಬೇಕು ಅಂತ ಮೊದಲೇ ವಿಚಾರಿಸಿ. ಹಣ್ಣಾದ ಬೀಜದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮುಟ್ಟಬೇಡಿ, ಬೀಜ ಬ್ಯಾಂಕುಗಳವರು ಪಾಲಿಸುವ ಲೆಕ್ಕ ಅದು. ತಂದದ್ದನ್ನು ಮಾರಬೇಡಿ, ಬಿತ್ತಿ. ಅದರಿಂದ ಬಂದದ್ದನ್ನು ಮಾರಿ. ಒಂದು ವರ್ಷ ಆದಾಯ ಇರಲ್ಲ. ಬಹುವಾರ್ಷಿಕ ಹೂವಾದರೆ ಎರಡು ವರ್ಷವೂ ಆದೀತು. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡೇ ಇದಕ್ಕೆ ಬನ್ನಿ. ನಾನು ಇವತ್ತಿಗೂ ವಾರದಲ್ಲಿ ನಾಲ್ಕು ದಿನ ಬೇರೆಯವರ ವರ್ಕ್‌ಶಾಪ್‌ನಲ್ಲಿ ರಂದ ಹೊಡೆಯುತ್ತೇನೆ.

ಹೋದ ತಿಂಗಳು ಕೊನೆಯ ಅಡ್ವಾನ್ಸ್ ವಾಪಸ್ ಕೊಟ್ಟೆ. ಮೇಜಿಗೆ ಕೊಟ್ಟಿದ್ದವರು, ವಯಸ್ಸಾದವರು. ದುಡ್ಡು ಎರಡು ಸಲ ಎಣಿಸಿಕೊಂಡರು. ಹೊರಡುವಾಗ ಒಂದು ಪೊಟ್ಟಣ ಕೈಗಿಟ್ಟೆ, ತಗೊಳ್ಳಿ ಸರ್, ಸುಮ್ನೆ ಕೊಟ್ಟದ್ದು ಅಂದೆ. ಕನ್ನಡಕ ಮೇಲೆತ್ತಿ ಹಿಂದೆ ಮುಂದೆ ಓದಿದರು.

"ಅರವತ್ತೆರಡೇನಾ?" ಅಂದರು.

"ಅಷ್ಟೇ ಸರ್" ಅಂದೆ.